ಕಡಲಿನ ಎತ್ತರಕ್ಕೆ ಕಳೆಯುವ ಲೆಕ್ಕ

ಬ್ರಿಟಿಷರ ಕಾಲದ ಸರ್ವೆ ಇಲಾಖೆಗೆ ಒಂದು ತಲೆನೋವಿತ್ತು. ದೇಶದ ಊರೂರಿನ ಎತ್ತರ ಬರೆಯಬೇಕು, ಸರಿ. ಆದರೆ ಯಾವುದರಿಂದ ಎತ್ತರ? ಸೊನ್ನೆಯನ್ನು ಎಲ್ಲಿ ಇಡುವುದು? ಎಲ್ಲ ದೇಶಗಳವರಂತೆ ಅವರೂ ಸಮುದ್ರದ ಕಡೆ ನೋಡಿದರು. ಕರಾಚಿ, ಮುಂಬೈ, ಕಾರವಾರ, ಬೇಪೂರು, ಕೊಚ್ಚಿ, ನಾಗಪಟ್ಟಣ, ಮದ್ರಾಸು, ವಿಶಾಖಪಟ್ಟಣ, ಒಡಿಶಾದ ಫಾಲ್ಸ್ ಪಾಯಿಂಟ್ ಎಂಬ ಒಂಬತ್ತು ಕಡೆ ಉಬ್ಬರವಿಳಿತದ ಮಾಪಕ ಇಟ್ಟು, ವರ್ಷಗಟ್ಟಲೆ ನೀರಿನ ಏರಿಳಿತ ಬರೆದುಕೊಂಡು, ಸರಾಸರಿ ತೆಗೆದು, ಇದೇ ನಮ್ಮ ಸೊನ್ನೆ ಎಂದು 20ನೇ ಶತಮಾನದ ಆರಂಭದಲ್ಲಿ ನಿಗದಿ ಮಾಡಿದರು. ರೈಲು ನಿಲ್ದಾಣದ ಹಳದಿ ಹಲಗೆಯಲ್ಲಿ ಊರಿನ ಹೆಸರಿನ ಕೆಳಗೆ ಕಾಣುವ ಸಮುದ್ರ ಮಟ್ಟದ ಅಂಕಿಯ ಬೇರು ಅಲ್ಲಿದೆ.

ಇದರೊಳಗೆ ಒಂದು ಊಹೆ ಅಡಗಿ ಕುಳಿತಿತ್ತು. ಒಂಬತ್ತೂ ಕಡೆಯ ಸರಾಸರಿ ನೀರು ಒಂದೇ ಮಟ್ಟದಲ್ಲಿದೆ ಎಂಬ ಊಹೆ. ನೀರು ತನ್ನ ಮಟ್ಟವನ್ನು ತಾನೇ ಕಂಡುಕೊಳ್ಳುತ್ತದೆ ಎಂದು ಚಿಕ್ಕಂದಿನಿಂದ ನಂಬಿಕೊಂಡು ಬಂದವರಿಗೆ ಇದರಲ್ಲಿ ತಪ್ಪೇನೂ ಕಾಣುವುದಿಲ್ಲ. ಆದರೆ ನೆಲದ ಮೇಲೆ ಮಟ್ಟ ಹಿಡಿಯುತ್ತ ಪಶ್ಚಿಮ ಕರಾವಳಿಯಿಂದ ಪೂರ್ವ ಕರಾವಳಿಗೆ ಹೋದರೆ ಲೆಕ್ಕ ಕೂಡುವುದಿಲ್ಲ. ಬಂಗಾಳ ಕೊಲ್ಲಿಯ ನೀರು ಅರಬ್ಬಿ ಸಮುದ್ರದ ನೀರಿಗಿಂತ ಹತ್ತಾರು ಸೆಂಟಿಮೀಟರ್ ಎತ್ತರದಲ್ಲಿ ನಿಂತಿದೆ. ಗೋವಾದ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯ ಡಿ. ಶಂಕರ್ ಮತ್ತು ಎಸ್.ಆರ್. ಶೆಟ್ಯೆ 2001ರಲ್ಲಿ ಇದಕ್ಕೆ ಉತ್ತರ ಕೊಟ್ಟರು. ಗಂಗೆ, ಬ್ರಹ್ಮಪುತ್ರೆ, ಗೋದಾವರಿ, ಕೃಷ್ಣೆಯಂಥ ನದಿಗಳೂ ಧಾರಾಳವಾದ ಮಳೆಯೂ ಸಿಹಿನೀರು ಸುರಿಯುವುದರಿಂದ ಕೊಲ್ಲಿಯ ಮೇಲ್ಪದರದಲ್ಲಿ ಉಪ್ಪು ಕಡಿಮೆ. ಉಪ್ಪು ಕಡಿಮೆಯಾದ ನೀರು ಹಗುರ. ಹಗುರ ನೀರು ಅಷ್ಟೇ ಒತ್ತಡ ಕೊಡಬೇಕಾದರೆ ಹೆಚ್ಚು ಎತ್ತರಕ್ಕೆ ನಿಲ್ಲಬೇಕು. ಘಟ್ಟದಲ್ಲಿ ಹುಟ್ಟಿ ಪೂರ್ವಕ್ಕೆ ಹರಿಯುವ ನಮ್ಮ ಹೊಳೆಗಳ ಪಾಲೂ ಆ ಎತ್ತರದಲ್ಲಿದೆ.

ಹತ್ತಾರು ಸೆಂಟಿಮೀಟರಿಗೇ ಅಚ್ಚರಿಪಡುವವರು ಶ್ರೀಲಂಕಾದ ದಕ್ಷಿಣಕ್ಕೆ ಹೋಗಬೇಕು. ಭೂಮಿಯನ್ನು ಧ್ರುವಗಳಲ್ಲಿ ತುಸು ಚಪ್ಪಟೆಯಾದ ನಯವಾದ ಗೋಳ ಎಂದುಕೊಂಡರೆ ಸಮುದ್ರ ಎಲ್ಲಿರಬೇಕೋ ಅದಕ್ಕಿಂತ 106 ಮೀಟರ್ ಕೆಳಗೆ ಅಲ್ಲಿ ಹಿಂದೂ ಮಹಾಸಾಗರದ ಮೇಲ್ಮೈ ಇದೆ. ನ್ಯೂಗಿನಿಯ ಹತ್ತಿರ 80 ಮೀಟರಿಗೂ ಮೇಲೆ ಉಬ್ಬಿದೆ. ಈ ತಗ್ಗಿನಲ್ಲಿ ಹಡಗು ಇಳಿದ ಅನುಭವ ಯಾವ ನಾವಿಕನಿಗೂ ಆಗುವುದಿಲ್ಲ, ನೀರು ಅದರೊಳಕ್ಕೆ ಹರಿದು ತುಂಬುವುದೂ ಇಲ್ಲ. ಯಾಕೆಂದರೆ ಅಲ್ಲಿ ಅದೇ ಮಟ್ಟ. ಭೂಮಿಯ ಒಡಲಲ್ಲಿ ಎಲ್ಲೆಲ್ಲಿ ಸಾಂದ್ರತೆ ಹೆಚ್ಚೋ ಅಲ್ಲಿ ಗುರುತ್ವ ನೀರನ್ನು ತನ್ನ ಕಡೆಗೆ ಎಳೆದು ಗುಡ್ಡೆ ಹಾಕಿಕೊಳ್ಳುತ್ತದೆ, ಕಡಿಮೆ ಇರುವಲ್ಲಿ ಬಿಟ್ಟುಕೊಡುತ್ತದೆ. ಗಾಳಿ, ಪ್ರವಾಹ, ಉಬ್ಬರ ಒಂದೂ ಇಲ್ಲದಿದ್ದರೆ ಬರೀ ಗುರುತ್ವಕ್ಕೆ ತಲೆಬಾಗಿ ಸಮುದ್ರ ತಾಳುತ್ತಿದ್ದ ಈ ಅಂಕುಡೊಂಕು ಆಕಾರಕ್ಕೆ ಜಿಯಾಯ್ಡ್ ಎಂದು ಹೆಸರು. ಹಿಂದೂ ಮಹಾಸಾಗರದ ತಗ್ಗನ್ನು 1948ರಲ್ಲಿ ಮೊದಲು ಗುರುತಿಸಿದವರು ಡಚ್ ಭೂಭೌತವಿಜ್ಞಾನಿ ವೆನಿಂಗ್ ಮೈನೆಸ್. ಅದು ಯಾಕಿದೆ ಎಂಬುದಕ್ಕೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ದೇಬಂಜನ್ ಪಾಲ್ ಮತ್ತು ಆತ್ರೇಯಿ ಘೋಷ್ 2023ರಲ್ಲಿ ಕೊಟ್ಟ ವಿವರಣೆ ರೋಚಕವಾಗಿದೆ. ಭಾರತ ಉತ್ತರಕ್ಕೆ ಸರಿಯುವಾಗ ಮುಚ್ಚಿಹೋದ ಟೆಥಿಸ್ ಸಾಗರದ ತಳದ ಚೂರುಗಳು ಭೂಮಿಯ ಆಳಕ್ಕೆ ಮುಳುಗಿ, ಆಫ್ರಿಕಾದ ಅಡಿಯಲ್ಲಿದ್ದ ಬಿಸಿ ರಾಶಿಯನ್ನು ಕಲಕಿದವು. ಅಲ್ಲಿಂದ ಎದ್ದ ಬಿಸಿಯಾದ, ಹಗುರವಾದ ಶಿಲಾದ್ರವ್ಯ ಹಿಂದೂ ಮಹಾಸಾಗರದ ಅಡಿಗೆ ಬಂದು ಸೇರಿ ಅಲ್ಲಿನ ಗುರುತ್ವವನ್ನು ಸಡಿಲಿಸಿತು. ಅವರ ಗಣಕ ಮಾದರಿಗಳ ಪ್ರಕಾರ ತಗ್ಗು ಈಗಿನ ರೂಪಕ್ಕೆ ಬಂದದ್ದು ಸುಮಾರು 2 ಕೋಟಿ ವರ್ಷಗಳ ಹಿಂದೆ.

ಹೀಗೆ ಸಮುದ್ರದ ಮೈಮೇಲೆ ಸುಮಾರು ಇನ್ನೂರು ಮೀಟರಿನ ಉಬ್ಬುತಗ್ಗು. ಅದರ ಮೇಲೆ ಕೆಲವು ಮೀಟರಿನ ಉಬ್ಬರವಿಳಿತ. ಅದರ ಮೇಲೆ ಒಂದು ಮೀಟರಿನ ಆಸುಪಾಸಿನ ಪ್ರವಾಹ ಮತ್ತು ಸುಳಿಗಳ ಏರಿಳಿತ. ಇವೆಲ್ಲದರ ಮೇಲೆ, ಹವಾಮಾನ ಬದಲಾವಣೆಯ ಕುರಿತ ಪ್ರತಿ ವರದಿಯಲ್ಲೂ ಕಾಣುವ, ವರ್ಷಕ್ಕೆ ಕೆಲವೇ ಮಿಲಿಮೀಟರಿನ ಏರಿಕೆ. ಅಳೆಯಬೇಕಾದದ್ದು ಕೊನೆಯದು. ಅದನ್ನು ಅಳೆಯುತ್ತಿರುವುದು ಸಾವಿರದ ಮುನ್ನೂರು ಕಿಲೋಮೀಟರ್ ಮೇಲಿನಿಂದ, ಸೆಕೆಂಡಿಗೆ ಏಳು ಕಿಲೋಮೀಟರ್ ವೇಗದಲ್ಲಿ ಓಡುವ ಯಂತ್ರ.

ಅದರ ತತ್ವ ಮಾತ್ರ ಶಾಲೆಯ ಹುಡುಗರೂ ಒಪ್ಪುವಷ್ಟು ಸುಲಭ. ಉಪಗ್ರಹ ನೆತ್ತಿಯ ಮೇಲಿಂದ ನೇರ ಕೆಳಕ್ಕೆ ಒಂದು ರೇಡಾರ್ ಸ್ಪಂದ ಬಿಡುತ್ತದೆ. ಅದು ನೀರಿಗೆ ತಾಗಿ ವಾಪಸು ಬರುತ್ತದೆ. ಹೋಗಿ ಬಂದ ಹೊತ್ತನ್ನು ಬೆಳಕಿನ ವೇಗದಿಂದ ಗುಣಿಸಿ ಅರ್ಧ ಮಾಡಿದರೆ ಉಪಗ್ರಹಕ್ಕೂ ನೀರಿಗೂ ಇರುವ ಅಂತರ ಸಿಕ್ಕಿತು. ಉಪಗ್ರಹದ ಎತ್ತರ ಮೊದಲೇ ಗೊತ್ತಿದ್ದರೆ, ಅದರಿಂದ ಈ ಅಂತರವನ್ನು ಕಳೆದರೆ ಕಡಲಿನ ಎತ್ತರ. ಒಂದೇ ಒಂದು ಕಳೆಯುವ ಲೆಕ್ಕ. ಆದರೆ 1336 ಕಿಲೋಮೀಟರ್ ಮೇಲಿರುವ ಉಪಗ್ರಹದಿಂದ ಹೊರಟ ಸ್ಪಂದ ಮರಳಲು ಸೆಕೆಂಡಿನ ಸಾವಿರ ಭಾಗಗಳಲ್ಲಿ ಒಂಬತ್ತು ಭಾಗದಷ್ಟು ಹೊತ್ತು ಸಾಕು. ಅಂತರದಲ್ಲಿ ಒಂದು ಸೆಂಟಿಮೀಟರ್ ವ್ಯತ್ಯಾಸವನ್ನು ಹಿಡಿಯಬೇಕಾದರೆ ಸೆಕೆಂಡನ್ನು 1500 ಕೋಟಿ ಚೂರು ಮಾಡಿ ಅದರಲ್ಲಿ ಒಂದು ಚೂರನ್ನು ಗುರುತಿಸಬೇಕು. ಇಪ್ಪತ್ತು ಟನ್ನಿನ ಲಾರಿಯನ್ನು ವೇಬ್ರಿಡ್ಜ್ ಮೇಲೆ ನಿಲ್ಲಿಸಿ, ಅದರ ಮೂಲೆಯಲ್ಲಿ ಉದುರಿದ ಏಳು ಅಕ್ಕಿಕಾಳಿನ ತೂಕ ಹೇಳು ಎಂದಂತೆ.

1978ರ ಜೂನ್ ಕೊನೆಯಲ್ಲಿ ಅಮೆರಿಕ ಹಾರಿಸಿದ ಸೀಸ್ಯಾಟ್ ಇದು ಸಾಧ್ಯ ಎಂದು ತೋರಿಸಿತು. ನೂರೈದು ದಿನ ಕೆಲಸ ಮಾಡಿ, ವಿದ್ಯುತ್ ಮಂಡಲ ಸುಟ್ಟು ಅಕ್ಟೋಬರಿನಲ್ಲಿ ಸತ್ತಿತು. ಅಷ್ಟು ಅಲ್ಪಾಯುಷಿಯ ಮಾಹಿತಿಯನ್ನು ವಿಜ್ಞಾನಿಗಳು ಎಷ್ಟೋ ವರ್ಷ ಹಿಂಡಿದರು. ಅಮೆರಿಕದವರು ಟೋಪೆಕ್ಸ್ ಎಂಬ ಯೋಜನೆಯನ್ನೂ ಫ್ರೆಂಚರು ಪೊಸೈಡನ್ ಎಂಬ ಯೋಜನೆಯನ್ನೂ ಬೇರೆಬೇರೆಯಾಗಿ ಹಿಡಿದುಕೊಂಡಿದ್ದರು. ಒಬ್ಬರಲ್ಲೂ ಪೂರ್ತಿ ದುಡ್ಡಿರಲಿಲ್ಲವಾದ್ದರಿಂದ ಎರಡನ್ನೂ ಜೋಡಿಸಿ, 1992ರ ಆಗಸ್ಟ್ 10ರಂದು ಫ್ರೆಂಚ್ ಗಯಾನಾದ ಕೂರೂದಿಂದ ಏರಿಯಾನ್ ರಾಕೆಟ್ಟಿನಲ್ಲಿ ಟೋಪೆಕ್ಸ್/ಪೊಸೈಡನ್ ಕಳಿಸಿದರು. 13 ಸೆಂಟಿಮೀಟರ್ ತಪ್ಪಿನೊಳಗೆ ಅಳೆದರೆ ಗೆದ್ದಂತೆ ಎಂಬುದು ಗುರಿಯಾಗಿತ್ತು. ಬಂದದ್ದು ಐದು ಸೆಂಟಿಮೀಟರಿಗೂ ಕಡಿಮೆ. ಅಲ್ಲಿಂದ ಇಲ್ಲಿಯವರೆಗೆ ಕಡಲಿನ ದಾಖಲೆ ಒಂದು ದಿನವೂ ಕಡಿದಿಲ್ಲ.

ಆ ನಿಖರತೆ ಹೇಗೆ ಬಂತು ಎಂಬಲ್ಲಿಯೇ ನಿಜವಾದ ಕಥೆ ಇರುವುದು. ಅದು ಗಡಿಯಾರದ ಕಥೆಯಲ್ಲ, ಕಳೆಯುವ ಕಥೆ.

ಮೊದಲನೆಯದಾಗಿ ಉಪಗ್ರಹ ಎಲ್ಲಿದೆ ಎಂಬುದೇ ಸೆಂಟಿಮೀಟರಿನ ಲೆಕ್ಕದಲ್ಲಿ ಗೊತ್ತಿರಬೇಕು. ಫ್ರೆಂಚರು ಜಗತ್ತಿನಾದ್ಯಂತ ಐವತ್ತು ಅರವತ್ತು ಕಡೆ ರೇಡಿಯೊ ದೀಪಸ್ತಂಭಗಳಂಥವನ್ನು ನೆಟ್ಟಿದ್ದಾರೆ. ಆ ಜಾಲಕ್ಕೆ ಡೋರಿಸ್ ಎಂದು ಹೆಸರು. ಉಪಗ್ರಹ ಹತ್ತಿರ ಬರುವಾಗ ಆ ದನಿ ಏರುತ್ತದೆ, ದೂರ ಹೋಗುವಾಗ ಇಳಿಯುತ್ತದೆ. ಆ ಏರಿಳಿತದಿಂದ ಕಕ್ಷೆ ಸಿಗುತ್ತದೆ. ಜೊತೆಗೆ ಜಿಪಿಎಸ್. ಅದು ಸಾಲದೆಂದು ನೆಲದಿಂದ ಲೇಸರ್ ಬಿಟ್ಟು ಉಪಗ್ರಹದ ಹೊಟ್ಟೆಗೆ ಅಂಟಿಸಿದ ಕನ್ನಡಿಗಳಿಂದ ವಾಪಸು ಪಡೆದು ತಾಳೆ ನೋಡುತ್ತಾರೆ.

ಆಮೇಲೆ ಗಾಳಿ. ಬೆಳಕಿನ ವೇಗ ಸ್ಥಿರ ಎಂದು ಪುಸ್ತಕ ಹೇಳುವುದು ನಿರ್ವಾತದಲ್ಲಿ. ವಾಯುಮಂಡಲ ದಾಟುವಾಗ ರೇಡಾರ್ ಅಲೆ ನಿಧಾನವಾಗುತ್ತದೆ, ಸಮುದ್ರ ಇರುವುದಕ್ಕಿಂತ ಕೆಳಗಿರುವಂತೆ ಕಾಣುತ್ತದೆ. ಒಣಗಾಳಿಯಿಂದಲೇ 2.3 ಮೀಟರಿನಷ್ಟು ತಪ್ಪು. ಅದು ದೊಡ್ಡದಾದರೂ ಸಭ್ಯ ಸ್ವಭಾವದ್ದು, ಗಾಳಿಯ ಒತ್ತಡ ಗೊತ್ತಿದ್ದರೆ ಲೆಕ್ಕಕ್ಕೆ ಸಿಗುತ್ತದೆ. ಪೀಡೆ ಎಂದರೆ ನೀರಾವಿ. ಅದರ ತಪ್ಪು ಕೆಲವೇ ಸೆಂಟಿಮೀಟರಿನಿಂದ 40 ಸೆಂಟಿಮೀಟರಿನವರೆಗೆ, ಊರಿಂದೂರಿಗೆ, ಗಂಟೆಯಿಂದ ಗಂಟೆಗೆ ಬದಲು. ಅದಕ್ಕಾಗಿ ಉಪಗ್ರಹದಲ್ಲಿ ಕೆಳಗಿನ ತೇವವನ್ನಷ್ಟೇ ನೋಡುವ ಇನ್ನೊಂದು ಉಪಕರಣ ಇರುತ್ತದೆ. ಇನ್ನೂ ಮೇಲೆ ಅಯಾನುಮಂಡಲ. ಅದು ಬೇರೆಬೇರೆ ಆವರ್ತನದ ಅಲೆಗಳನ್ನು ಬೇರೆಬೇರೆ ಪ್ರಮಾಣದಲ್ಲಿ ತಡೆಯುತ್ತದೆ. ಆದ್ದರಿಂದ ಎರಡು ಆವರ್ತನಗಳಲ್ಲಿ ಸ್ಪಂದ ಬಿಟ್ಟು, ಯಾವುದು ಎಷ್ಟು ತಡವಾಗಿ ಬಂತು ಎಂದು ಹೋಲಿಸಿ ಆ ತಪ್ಪನ್ನು ತೆಗೆಯುತ್ತಾರೆ.

ನೀರು ಮುಟ್ಟಿದ ಮೇಲೂ ಕಷ್ಟ ಮುಗಿಯುವುದಿಲ್ಲ. ಅಲೆಯ ತಗ್ಗು ರೇಡಾರನ್ನು ಚೆನ್ನಾಗಿ ಪ್ರತಿಫಲಿಸುತ್ತದೆ, ಅಲೆಯ ನೆತ್ತಿ ಚೆದುರಿಸುತ್ತದೆ. ಹೀಗಾಗಿ ಪ್ರತಿಧ್ವನಿ ಯಾವಾಗಲೂ ಸಮುದ್ರವನ್ನು ತುಸು ತಗ್ಗಿಸಿ ಹೇಳುತ್ತದೆ. ಅಲೆ ಎಷ್ಟು ಎತ್ತರವಿತ್ತು ಎಂದು ಗೊತ್ತಿದ್ದರೆ ಇದನ್ನೂ ಸರಿಪಡಿಸಬಹುದು. ಅದೃಷ್ಟಕ್ಕೆ ಅದೂ ಪ್ರತಿಧ್ವನಿಯಲ್ಲೇ ಇದೆ. ಸಮುದ್ರ ಶಾಂತವಾಗಿದ್ದರೆ ಮರಳಿದ ಸ್ಪಂದದ ಅಂಚು ಕಡಿದಾಗಿ ಏರುತ್ತದೆ, ಅಲೆ ದೊಡ್ಡದಿದ್ದರೆ ಇಳಿಜಾರಾಗಿ ಏರುತ್ತದೆ. ಸ್ಪಂದ ಎಷ್ಟು ಬಲವಾಗಿ ಮರಳಿತು ಎಂಬುದರಿಂದ ಗಾಳಿಯ ವೇಗ ಸಿಗುತ್ತದೆ. ಎತ್ತರ ಕೇಳಲು ಹೋದವರಿಗೆ ಅಲೆ, ಗಾಳಿ ಎರಡೂ ಪುಕ್ಕಟೆಯಾಗಿ ಬಂದವು.

ಕಡಲಿನ ಮೇಲೆ ಕುಳಿತ ಗಾಳಿಯ ತೂಕವನ್ನೂ ಮರೆಯುವಂತಿಲ್ಲ. ವಾಯುಭಾರ ಒಂದು ಹೆಕ್ಟೊಪ್ಯಾಸ್ಕಲ್ ಇಳಿದರೆ ನೀರು ಒಂದು ಸೆಂಟಿಮೀಟರ್ ಏರುತ್ತದೆ. ಹಾಗಾಗಿ ದೊಡ್ಡ ಚಂಡಮಾರುತದ ನಡುವೆ ಸಮುದ್ರ ಅರ್ಧ ಮೀಟರ್ ಉಬ್ಬಿರುತ್ತದೆ. ಉಬ್ಬರವಿಳಿತವನ್ನೂ ಕಳೆಯಬೇಕು. ಇಲ್ಲಿ ಕಕ್ಷೆಯ ಆಯ್ಕೆಯೇ ಜಾಣತನದ್ದು. ಭೂಮಿಯನ್ನು ನೋಡುವ ಬಹುಪಾಲು ಉಪಗ್ರಹಗಳು ಪ್ರತಿ ಊರಿನ ಮೇಲೂ ದಿನವೂ ಒಂದೇ ಗಂಟೆಗೆ ಹಾಯುವಂತೆ ಸುತ್ತುತ್ತವೆ. ಉಬ್ಬರ ಅಳೆಯಲು ಹೊರಟವರಿಗೆ ಅದು ಶಾಪ. ಸದಾ ಒಂದೇ ಗಂಟೆಗೆ ಬಂದರೆ ಸೂರ್ಯನಿಂದಾದ ಉಬ್ಬರ ಸದಾ ಒಂದೇ ಸ್ಥಿತಿಯಲ್ಲಿ ಕಾಣುತ್ತದೆ, ಅದು ಉಬ್ಬರವೋ ಕಡಲಿನ ನಿಜವಾದ ಎತ್ತರವೋ ತಿಳಿಯದು. ಟೋಪೆಕ್ಸ್ 66 ಡಿಗ್ರಿ ವಾಲಿದ ಕಕ್ಷೆಯಲ್ಲಿ ಸುಮಾರು ಹತ್ತು ದಿನಕ್ಕೊಮ್ಮೆ, 127 ಸುತ್ತಿನ ನಂತರ, ಅದೇ ಜಾಗಕ್ಕೆ ಬೇರೆ ಗಂಟೆಯಲ್ಲಿ ಮರಳುತ್ತಿತ್ತು. ಹನ್ನೆರಡೂವರೆ ಗಂಟೆಯ ಚಂದ್ರನ ಉಬ್ಬರ ಆ ಕಣ್ಣಿಗೆ 62 ದಿನದ ನಿಧಾನ ಉಸಿರಾಟದಂತೆ ಕಂಡಿತು, ಬೇರ್ಪಡಿಸಲು ಅನುಕೂಲವಾಯಿತು.

ಇಷ್ಟು ಕಳೆದ ಮೇಲೆ ಉಳಿದದ್ದು ಕಡಲು. ಆದರೆ ಕಳೆದದ್ದೆಲ್ಲ ಕಸವೇ? ಈ ವಿಜ್ಞಾನದ ಚಂದ ಇರುವುದೇ ಇಲ್ಲಿ ಎಂದು ನನಗನ್ನಿಸುತ್ತದೆ. ಒಬ್ಬ ವಿಜ್ಞಾನಿ ತಪ್ಪು ಎಂದು ಬದಿಗೆ ಸರಿಸಿದ್ದನ್ನು ಪಕ್ಕದ ಕೋಣೆಯವನು ಎತ್ತಿಕೊಂಡು ತನ್ನ ಜೀವಮಾನದ ಕೆಲಸ ಮಾಡಿಕೊಂಡಿದ್ದಾನೆ. ಕಸದಿಂದ ರಸ ಎಂಬ ಮಾತನ್ನು ಭಾಷಣಗಳಲ್ಲಿ ಕೇಳಿ ಸವೆದುಹೋಗಿದ್ದರೂ ಇಲ್ಲಿ ಅದಕ್ಕೆ ಪೂರ್ತಿ ಅರ್ಥವಿದೆ.

ಉಬ್ಬರವನ್ನೇ ನೋಡಿ. ಚಂದ್ರ ವರ್ಷಕ್ಕೆ ಸುಮಾರು 3.8 ಸೆಂಟಿಮೀಟರ್ ನಮ್ಮಿಂದ ದೂರ ಸರಿಯುತ್ತಿದ್ದಾನೆ. ಉಬ್ಬರವಿಳಿತದ ಘರ್ಷಣೆ ಭೂಮಿಯ ತಿರುಗುವಿಕೆಯ ಶಕ್ತಿಯನ್ನು ತಿನ್ನುತ್ತಿರುವುದೇ ಅದಕ್ಕೆ ಕಾರಣ. ಆ ಶಕ್ತಿ ಎಲ್ಲಿ ಕರಗುತ್ತದೆ? ಆಳವಿಲ್ಲದ ಕರಾವಳಿಯ ಸಮುದ್ರಗಳಲ್ಲಿ ಎಂದು ಬಹುಕಾಲ ನಂಬಿದ್ದರು. ಗ್ಯಾರಿ ಎಗ್‌ಬರ್ಟ್ ಮತ್ತು ರಿಚರ್ಡ್ ರೇ 2000ನೇ ಇಸವಿಯಲ್ಲಿ ಟೋಪೆಕ್ಸ್ ಮಾಹಿತಿಯಿಂದಲೇ ತೋರಿಸಿದ್ದು ಬೇರೆ: ಅದರ ಕಾಲು ಭಾಗದಷ್ಟು, ಅಂದರೆ ಸುಮಾರು 10 ಲಕ್ಷ ಮೆಗಾವಾಟ್, ನಡುಗಡಲಿನ ಆಳದಲ್ಲಿ, ತಳದ ಬೆಟ್ಟಸಾಲುಗಳಿಗೆ ನೀರು ತಾಗುವಲ್ಲಿ ಖರ್ಚಾಗುತ್ತದೆ. ಆಳದ ನೀರನ್ನು ಕಲಕುವ ಕೈಗಳಲ್ಲಿ ಚಂದ್ರನದೂ ಒಂದು.

ತಳದ ಬೆಟ್ಟಗಳ ಕಥೆ ಇದಕ್ಕಿಂತ ನಾಟಕೀಯ. ಸಮುದ್ರದಡಿಯ 2000 ಮೀಟರ್ ಎತ್ತರದ ಒಂದು ಜ್ವಾಲಾಮುಖಿ ತನ್ನ ಗುರುತ್ವದಿಂದ ಸುತ್ತಲಿನ ನೀರನ್ನು ಎಳೆದುಕೊಂಡು ಮೇಲ್ಮೈಯಲ್ಲಿ ಸುಮಾರು ಎರಡು ಮೀಟರ್ ದಿಬ್ಬ ಎಬ್ಬಿಸುತ್ತದೆ. ದಿಬ್ಬ ಹತ್ತಾರು ಕಿಲೋಮೀಟರ್ ಹರಡಿರುವುದರಿಂದ ದೋಣಿಯವನಿಗೆ ಕಾಣುವುದಿಲ್ಲ, ಉಪಗ್ರಹಕ್ಕೆ ಕಾಣುತ್ತದೆ. ಅಮೆರಿಕದ ನೌಕಾಪಡೆಗೆ ಇದರ ಬೆಲೆ ಬೇಗ ತಿಳಿಯಿತು. ಜಲಾಂತರ್ಗಾಮಿಗಳಿಂದ ಕ್ಷಿಪಣಿ ಹಾರಿಸುವವರಿಗೆ ಗುರುತ್ವದ ನಕ್ಷೆ ಬೇಕೇ ಬೇಕು. 1985ರಲ್ಲಿ ಅವರು ಹಾರಿಸಿದ ಜಿಯೋಸ್ಯಾಟ್ ಮೊದಲ ಹದಿನೆಂಟು ತಿಂಗಳು ಒತ್ತೊತ್ತಾದ ಗೆರೆಗಳಲ್ಲಿ ಕಡಲನ್ನೆಲ್ಲ ಅಳೆಯಿತು, ಆ ಮಾಹಿತಿ ಗುಟ್ಟಾಗಿಯೇ ಉಳಿಯಿತು. ಯುರೋಪಿನ ಇಆರ್‌ಎಸ್-1 ಅಂಥದೇ ಅಳತೆ ಮಾಡಿ ಬಹಿರಂಗವಾಗಿಯೇ ಕೊಟ್ಟ ಮೇಲೆ ಗುಟ್ಟಿಗೆ ಅರ್ಥ ಉಳಿಯಲಿಲ್ಲ. 1995ರಲ್ಲಿ ಜಿಯೋಸ್ಯಾಟ್ ಮಾಹಿತಿ ಬಿಡುಗಡೆಯಾಯಿತು. ಎರಡೇ ವರ್ಷದಲ್ಲಿ ವಾಲ್ಟರ್ ಸ್ಮಿತ್ ಮತ್ತು ಡೇವಿಡ್ ಸ್ಯಾಂಡ್‌ವೆಲ್ ಅದನ್ನು ಹಡಗುಗಳ ಆಳದ ಅಳತೆಯೊಂದಿಗೆ ಬೆಸೆದು ಇಡೀ ಸಾಗರತಳದ ನಕ್ಷೆ ಪ್ರಕಟಿಸಿದರು. ನಾವು ಇಂದು ಗಣಕದ ಭೂಪಟದಲ್ಲಿ ನೋಡುವ ನೀಲಿ ಬೆಟ್ಟಗಳು, ಕಮರಿಗಳು ಬಹುಪಾಲು ಹೀಗೆ ನೀರಿನ ಮೇಲ್ಮೈಯಿಂದ ಊಹಿಸಿ ಬರೆದವು.

ನಕ್ಷೆ ಇದ್ದರೆ ಸಾಲದು, ಅದು ತಲುಪಬೇಕಾದವರ ಮೇಜಿಗೆ ತಲುಪಬೇಕು. 2005ರ ಜನವರಿ 8ರಂದು ಅಮೆರಿಕದ ಅಣುಶಕ್ತಿ ಜಲಾಂತರ್ಗಾಮಿ ಸ್ಯಾನ್ ಫ್ರಾನ್ಸಿಸ್ಕೊ, ಪೆಸಿಫಿಕ್ ಸಾಗರದ ಗುವಾಮ್ ದ್ವೀಪದ ದಕ್ಷಿಣಕ್ಕೆ ಪೂರ್ಣ ವೇಗದಲ್ಲಿ ಹೋಗುತ್ತ ಸಮುದ್ರದಡಿಯ ಬೆಟ್ಟಕ್ಕೆ ಗುದ್ದಿತು. ಒಬ್ಬ ನಾವಿಕ ಸತ್ತ, ಹತ್ತಾರು ಮಂದಿಗೆ ಗಾಯವಾಯಿತು. ಅವರ ಕೈಲಿದ್ದ ನಕ್ಷೆಯಲ್ಲಿ ಅಲ್ಲಿ ಬೆಟ್ಟವಿರಲಿಲ್ಲ. ಉಪಗ್ರಹದ ಗುರುತ್ವ ನಕ್ಷೆಯಲ್ಲಿ ಇತ್ತು.

ಇದಕ್ಕೆ ಎರಡು ವಾರ ಮೊದಲು ನಮ್ಮದೇ ಸಾಗರದಲ್ಲಿ ಇನ್ನೊಂದು ಸಂಗತಿ ನಡೆದಿತ್ತು. 2004ರ ಡಿಸೆಂಬರ್ 26ರ ಬೆಳಿಗ್ಗೆ ಸುಮಾತ್ರಾದ ಬಳಿ ನೆಲ ನಡುಗಿ ಸುಮಾರು ಎರಡು ಗಂಟೆಯ ಮೇಲೆ ಟೋಪೆಕ್ಸ್ ಮತ್ತು ಅದರ ಉತ್ತರಾಧಿಕಾರಿ ಜೇಸನ್-1 ಕಾಕತಾಳೀಯವಾಗಿ ಹಿಂದೂ ಮಹಾಸಾಗರದ ಮೇಲೆ ಹಾದುಹೋದವು. ನಡುಗಡಲಿನಲ್ಲಿ ಸುನಾಮಿಯ ಮುಂದಲೆ ಸುಮಾರು 60 ಸೆಂಟಿಮೀಟರ್ ಎತ್ತರವಿತ್ತು ಎಂದು ಅವುಗಳ ದಾಖಲೆ ಹೇಳುತ್ತದೆ. ನಾಗಪಟ್ಟಣದಲ್ಲಿ ಊರು ಕೊಚ್ಚಿದ್ದು ಆಳ ಸಮುದ್ರದಲ್ಲಿ ಮೊಣಕಾಲು ದಾಟದ ಅದೇ ನೀರು. ಆ ಅಳತೆ ಯಾರ ಜೀವವನ್ನೂ ಉಳಿಸಲಿಲ್ಲ, ಮಾಹಿತಿ ನೆಲಕ್ಕೆ ಇಳಿದು ಲೆಕ್ಕವಾಗುವ ಹೊತ್ತಿಗೆ ಎಲ್ಲ ಮುಗಿದಿತ್ತು. ಹತ್ತು ದಿನಕ್ಕೊಮ್ಮೆ ಬರುವ ಉಪಗ್ರಹದಿಂದ ಎಚ್ಚರಿಕೆ ನಿರೀಕ್ಷಿಸುವುದೂ ತಪ್ಪು. ಅದು ನೆರವಾದದ್ದು ಆಮೇಲೆ, ಸುನಾಮಿಯ ಗಣಕ ಮಾದರಿಗಳು ನಡುಗಡಲಿನಲ್ಲೂ ಸರಿ ಹೇಳುತ್ತವೆಯೇ ಎಂದು ಪರೀಕ್ಷಿಸಲು.

ಭಾರತ ಈ ಆಟಕ್ಕೆ ಸ್ವಂತ ಉಪಗ್ರಹದೊಂದಿಗೆ ಇಳಿದದ್ದು 2013ರ ಫೆಬ್ರುವರಿ 25ರ ಸಂಜೆ. ಶ್ರೀಹರಿಕೋಟಾದಿಂದ ಪಿಎಸ್‌ಎಲ್‌ವಿ-ಸಿ20 ರಾಕೆಟ್ ಆರು ಪುಟ್ಟ ವಿದೇಶಿ ಉಪಗ್ರಹಗಳ ಜೊತೆ ಸರಳ್ ಎಂಬ ಸುಮಾರು 400 ಕಿಲೋ ತೂಕದ ಉಪಗ್ರಹವನ್ನು ಒಯ್ದಿತು. ಉಪಗ್ರಹದ ಒಡಲು ಬೆಂಗಳೂರಿನ ಇಸ್ರೊ ಕೇಂದ್ರದ್ದು, ಒಳಗಿನ ಆಲ್ಟಿಕಾ ಎಂಬ ರೇಡಾರ್ ಫ್ರಾನ್ಸಿನದು. ಯುರೋಪಿನ ಎನ್ವಿಸ್ಯಾಟ್ ಹಿಂದಿನ ವರ್ಷವಷ್ಟೇ ಮೂಕವಾಗಿತ್ತು. ಅದು ಸುತ್ತುತ್ತಿದ್ದ 35 ದಿನದ ಹಾದಿಯಲ್ಲೇ ಸರಳ್ ನಡೆಯತೊಡಗಿತು.

ಹೊಸತೆಂದರೆ ಆವರ್ತನ. ಕಡಲಿನ ಎತ್ತರ ಅಳೆಯುವ ಇಂಥ ರೇಡಾರುಗಳಿಗೆ ಎತ್ತರಮಾಪಕ ಎಂದು ಹೆಸರು; ಅದುವರೆಗಿನವು 13 ಗಿಗಾಹರ್ಟ್ಸ್ ಆಸುಪಾಸಿನಲ್ಲಿ ಕೆಲಸ ಮಾಡುತ್ತಿದ್ದವು. ಆಲ್ಟಿಕಾ 35.75 ಗಿಗಾಹರ್ಟ್ಸ್‌ನ ಕೆಎ ಪಟ್ಟಿಗೆ ಹೋದ ಮೊದಲ ಎತ್ತರಮಾಪಕ. ಆವರ್ತನ ಏರಿದಂತೆ ಅಯಾನುಮಂಡಲದ ಕಾಟ ಬಹುಮಟ್ಟಿಗೆ ತಪ್ಪುತ್ತದೆ, ರೇಡಾರಿನ ಕಿರಣ ಸಣ್ಣಗಾಗುತ್ತದೆ, ಅಳತೆ ಸೂಕ್ಷ್ಮವಾಗುತ್ತದೆ, ದಡದ ಹತ್ತಿರದವರೆಗೂ ನೆಲದ ಗೊಂದಲವಿಲ್ಲದೆ ನೀರು ಕಾಣುತ್ತದೆ. ಕೊಡಬೇಕಾದ ಬೆಲೆ ಮಳೆ. ಈ ಆವರ್ತನದ ಅಲೆಯನ್ನು ಮಳೆಹನಿ ನುಂಗುತ್ತದೆ. ಮುಂಗಾರಿನ ದೇಶ ಇಂಥ ಉಪಕರಣ ಹೊತ್ತ ಉಪಗ್ರಹಕ್ಕೆ ಒಪ್ಪಿದ್ದು ಧೈರ್ಯವೇ ಸರಿ. ಕೊನೆಗೆ ಮಳೆಯಿಂದ ಕಳೆದುಹೋದ ಮಾಹಿತಿ ಭಯಪಟ್ಟಿದ್ದಕ್ಕಿಂತ ಬಹಳ ಕಡಿಮೆಯಾಗಿತ್ತು. ಅಳತೆ ಸರಿಯೇ ಎಂದು ತಾಳೆ ನೋಡಲು ಲಕ್ಷದ್ವೀಪದ ಕವರತ್ತಿಯನ್ನು ಬಳಸಿಕೊಂಡರು. ಸುತ್ತಲೂ ಕಡಲೇ ಇರುವ ಪುಟ್ಟ ದ್ವೀಪದಲ್ಲಿ ಉಬ್ಬರಮಾಪಕ ಹೇಳಿದ್ದಕ್ಕೂ ಮೇಲೆ ಹಾದುಹೋದ ಉಪಗ್ರಹ ಹೇಳಿದ್ದಕ್ಕೂ ಹೋಲಿಕೆ. ಅಮೆರಿಕದವರು ಇದೇ ಕೆಲಸಕ್ಕೆ ಕ್ಯಾಲಿಫೋರ್ನಿಯದ ಕರಾವಳಿಯಾಚೆ ಹಾರ್ವೆಸ್ಟ್ ಎಂಬ ಎಣ್ಣೆಬಾವಿಯ ಅಟ್ಟಣಿಗೆಯನ್ನು 1992ರಿಂದ ಬಳಸುತ್ತಿದ್ದರು.

ಐದು ವರ್ಷದ ಆಯುಸ್ಸೆಂದು ಕಳಿಸಿದ ಸರಳ್‌ಗೆ ಮೂರನೇ ವರ್ಷದಲ್ಲಿ ಮೈ ಸ್ಥಿರವಾಗಿಡುವ ಚಕ್ರಗಳ ತೊಂದರೆ ಶುರುವಾಯಿತು. ನಿಗದಿತ ಹಾದಿಯಲ್ಲೇ ಹಿಡಿದಿಡುವುದು ಕಷ್ಟವೆಂದು 2016ರ ಜುಲೈಯಲ್ಲಿ ಅದನ್ನು ಹಾದಿ ಬಿಟ್ಟು ತೇಲಲು ಬಿಟ್ಟರು. ಹಾದಿ ತಪ್ಪಿದ್ದರಿಂದ ಅದು ಹಿಂದೆಂದೂ ಅಳೆಯದ ಗೆರೆಗಳ ಮೇಲೆ ಹಾಯತೊಡಗಿತು. ಸಾಗರತಳದ ನಕ್ಷೆ ಬರೆಯುವವರಿಗೆ ಬೇಕಾದದ್ದು ಅದೇ. ನೋಡಿ, ಮತ್ತೆ ಕಸದಿಂದ ರಸ.

ಈ ಉಪಗ್ರಹಗಳು ನಮ್ಮ ಕರಾವಳಿಯ ಬಗ್ಗೆ ಹೇಳುವುದರಲ್ಲಿ ನನಗೆ ತುಂಬ ಇಷ್ಟವಾದದ್ದು ಒಂದು ವಿಚಿತ್ರ. ಮಳೆಗಾಲದಲ್ಲಿ ಅಬ್ಬರಿಸುವ ಕಡಲನ್ನು ನೋಡಿದ ಯಾರೇ ಆದರೂ ಆಗ ನೀರಿನ ಮಟ್ಟ ಹೆಚ್ಚು ಎಂದೇ ಹೇಳುತ್ತಾರೆ. ಆದರೆ ಅಲೆ ಮತ್ತು ಉಬ್ಬರವನ್ನು ತೆಗೆದು ನೋಡಿದರೆ ಪಶ್ಚಿಮ ಕರಾವಳಿಯಲ್ಲಿ ಸಮುದ್ರ ಮಟ್ಟ ವರ್ಷದಲ್ಲೇ ತಗ್ಗಾಗಿರುವುದು ಮಳೆಗಾಲದಲ್ಲಿ. ಏರುವುದು ಚಳಿಗಾಲದಲ್ಲಿ, ಡಿಸೆಂಬರ್ ಜನವರಿಯ ಹೊತ್ತಿಗೆ. ಮುಂಗಾರಿನಲ್ಲಿ ಕರಾವಳಿಯುದ್ದಕ್ಕೂ ಪ್ರವಾಹ ದಕ್ಷಿಣಕ್ಕೆ ಹರಿಯುತ್ತದೆ. ಮೇಲ್ಪದರದ ನೀರು ದಡದಿಂದ ಆಚೆ ಸರಿದು, ಆ ಜಾಗ ತುಂಬಲು ತಳದ ತಣ್ಣೀರು ಮೇಲೇಳುತ್ತದೆ. ತಣ್ಣೀರು ಭಾರ, ಆದ್ದರಿಂದ ಮಟ್ಟ ತಗ್ಗು. ತಳದ ನೀರಿನ ಜೊತೆ ಬರುವ ಸತ್ವವೇ ಬೂತಾಯಿ, ಬಂಗುಡೆಗಳ ಹಸಿವು ತಣಿಸುವ ಸರಪಳಿಯ ಮೊದಲ ಕೊಂಡಿ.

ಚಳಿಗಾಲದ ಏರಿಕೆಯ ಮೂಲ ಇನ್ನೂ ದೂರದಲ್ಲಿದೆ. ಬಂಗಾಳ ಕೊಲ್ಲಿಯಲ್ಲಿ ಗಾಳಿ ಎಬ್ಬಿಸಿದ ಅಲೆ, ದಡವನ್ನು ಬಲಕ್ಕಿಟ್ಟುಕೊಂಡು ಪೂರ್ವ ಕರಾವಳಿಯಗುಂಟ ಇಳಿದು, ಶ್ರೀಲಂಕಾವನ್ನು ಸುತ್ತಿ, ಕೇರಳ ಕರ್ನಾಟಕದ ತೀರಕ್ಕೆ ಏರಿ ಬರುತ್ತದೆ. ಇದು ಕಣ್ಣಿಗೆ ಕಾಣುವ ಅಲೆಯಲ್ಲ. ಕೆಲವು ಸೆಂಟಿಮೀಟರ್ ಎತ್ತರದ, ದಾಟಲು ದಿನಗಳೇ ಹಿಡಿಯುವ ಕೆಲ್ವಿನ್ ಅಲೆ. ದಡದಿಂದ ಅದು ಪಶ್ಚಿಮಕ್ಕೆ ಚೆಲ್ಲುವ ನಿಧಾನದ ಅಲೆಗಳಿಂದ ಲಕ್ಷದ್ವೀಪದ ಸುತ್ತ ನೂರಾರು ಕಿಲೋಮೀಟರ್ ಅಗಲದ ನೀರಿನ ಗುಡ್ಡ ಏಳುತ್ತದೆ, ಪ್ರತಿ ವರ್ಷವೂ. ಮುಂದಿನ ತಿಂಗಳುಗಳಲ್ಲಿ ಅದು ಅರಬ್ಬಿ ಸಮುದ್ರದಾಚೆ ಪಶ್ಚಿಮಕ್ಕೆ ನಡೆದುಹೋಗುತ್ತದೆ. 1990ರ ದಶಕದಲ್ಲಿ ಉಪಗ್ರಹದ ಚಿತ್ರದಲ್ಲಿ ಕಂಡ ಈ ಗುಡ್ಡದ ಹುಟ್ಟನ್ನು 1997ರಲ್ಲಿ ಬಿಡಿಸಿ ಹೇಳಿದವರೂ ಶಂಕರ್ ಮತ್ತು ಶೆಟ್ಯೆ ಅವರೇ. ಕಾರವಾರದ ನೀರು ಯಾಕೆ ಏರಿತು ಎಂದು ತಿಳಿಯಲು ಒಡಿಶಾದ ಗಾಳಿಯನ್ನು ಕೇಳಬೇಕು.

ಇನ್ನು ಮಿಲಿಮೀಟರಿನ ಮಾತು. 1993ರಿಂದ ಈಚೆಗೆ ಜಗತ್ತಿನ ಸಮುದ್ರ ಮಟ್ಟ ಸರಾಸರಿ ಸುಮಾರು 10 ಸೆಂಟಿಮೀಟರ್ ಏರಿದೆ. ವೇಗವೂ ಏರಿದೆ. ಆಗ ವರ್ಷಕ್ಕೆ 2.1 ಮಿಲಿಮೀಟರ್ ಇದ್ದದ್ದು 2024ರ ಹೊತ್ತಿಗೆ 4.5ಕ್ಕೆ ಬಂದಿದೆ ಎಂದು ನಾಸಾದ ಲೆಕ್ಕ. ಒಂದೊಂದು ಅಳತೆಯಲ್ಲೂ ಮೂರು ನಾಲ್ಕು ಸೆಂಟಿಮೀಟರ್ ತಪ್ಪಿರುವ ಯಂತ್ರ ಮಿಲಿಮೀಟರ್ ಹೇಳುವುದು ಹೇಗೆ ಎಂದು ಯಾರಾದರೂ ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ಹತ್ತು ದಿನದಲ್ಲಿ ಲಕ್ಷಗಟ್ಟಲೆ ಅಳತೆಗಳ ಸರಾಸರಿ ತೆಗೆದಾಗ ಅತ್ತಿತ್ತ ಚೆದುರಿದ ತಪ್ಪುಗಳು ಒಂದನ್ನೊಂದು ಹೊಡೆದುಹಾಕುತ್ತವೆ. ಉಳಿಯುವ ಅಪಾಯ ಒಂದೇ ದಿಕ್ಕಿಗೆ ಮೆಲ್ಲಗೆ ಜಾರುವ ತಪ್ಪಿನದು. 1990ರ ದಶಕದ ಮಧ್ಯದಲ್ಲಿ ಅದೂ ಆಯಿತು. ಟೋಪೆಕ್ಸ್ ತೋರಿಸುತ್ತಿದ್ದ ಏರಿಕೆ ದ್ವೀಪಗಳ ಉಬ್ಬರಮಾಪಕಗಳಿಗೆ ಹೊಂದಲಿಲ್ಲ. ಹುಡುಕಿದರೆ, ಗಡಿಯಾರದ ಅಲುಗಾಟವನ್ನು ಸರಿಪಡಿಸಲು ಬರೆದ ಸಾಫ್ಟ್‌ವೇರಿನಲ್ಲೇ ದೋಷ ಸಿಕ್ಕಿತು, 1996ರಲ್ಲಿ ತಿದ್ದಿದರು. ಬಂದರಿನಲ್ಲಿ ಕೋಲು ನೆಟ್ಟು ಅಳೆಯುವ ಹಳೇ ಪದ್ಧತಿ ಆಕಾಶದ ಯಂತ್ರದ ತಪ್ಪು ಹಿಡಿದದ್ದು ನನಗೆ ಖುಷಿ ಕೊಡುವ ಸಂಗತಿ. ಮುಂಬೈಯ ಅಪೋಲೊ ಬಂದರಿನ ದಾಖಲೆ 1878ರಿಂದ ಇದೆ, ಅಂಥವು ನಮ್ಮಲ್ಲಿ ಇನ್ನಷ್ಟು ಉಳಿದಿದ್ದರೆ ಚೆನ್ನಾಗಿತ್ತು.

ಏರಿಕೆಯ ಗೆರೆ ಒಮ್ಮೆ ದಿಢೀರನೆ ಕೆಳಗಿಳಿಯಿತು. 2010ರಿಂದ 2011ರ ನಡುವೆ ಇಡೀ ಜಗತ್ತಿನ ಸಮುದ್ರ ಸುಮಾರು 5 ಮಿಲಿಮೀಟರ್ ತಗ್ಗಿತು. ಹವಾಮಾನ ಬದಲಾವಣೆಯನ್ನು ನಂಬದವರು ಹಿಗ್ಗಿದರು. ನೀರು ಹೋದದ್ದು ಎಲ್ಲಿಗೆ ಎಂದು ಹೇಳಿದ್ದು ಗ್ರೇಸ್ ಎಂಬ ಜೋಡಿ ಉಪಗ್ರಹ, ಅದು ನೆಲದ ಮೇಲಿನ ನೀರನ್ನು ಗುರುತ್ವದಿಂದ ತೂಗುತ್ತಿತ್ತು. ಆ ವರ್ಷದ ಬಲವಾದ ಲಾ ನಿನಾ ಕಡಲಿನ ನೀರನ್ನೆತ್ತಿ ಆಸ್ಟ್ರೇಲಿಯಾ, ದಕ್ಷಿಣ ಅಮೆರಿಕಗಳ ಮೇಲೆ ಮಳೆಯಾಗಿ ಸುರಿದಿತ್ತು. ಆಸ್ಟ್ರೇಲಿಯಾದ ಒಳನಾಡಿನ ನದಿಗಳು ಸಮುದ್ರ ಸೇರುವುದಿಲ್ಲ, ಏರ್ ಸರೋವರದಂಥ ತಗ್ಗುಗಳಿಗೆ ಹರಿದು ಅಲ್ಲೇ ಆರುತ್ತವೆ. ಆದ್ದರಿಂದ ನೀರು ಬೇಗ ಮರಳಲಿಲ್ಲ. ಮರಳಿದ ಮೇಲೆ ಗೆರೆ ಮತ್ತೆ ಹಳೆಯ ಏರಿಗೆ ಬಂತು. ಗ್ರೇಸ್ ಹೇಳಿದ ನೀರಿನ ರಾಶಿ, ಸಾಗರದಲ್ಲಿ ಮುಳುಗೇಳುವ ನಾಲ್ಕು ಸಾವಿರದಷ್ಟು ಆರ್ಗೊ ತೇಲುಗಳು ಹೇಳುವ ಬಿಸಿಯ ಹಿಗ್ಗುವಿಕೆ, ಎರಡನ್ನೂ ಕೂಡಿಸಿದರೆ ಎತ್ತರಮಾಪಕದ ಅಂಕಿಗೆ ಸರಿಸುಮಾರು ಹೊಂದುತ್ತದೆ. ಬೇರೆಬೇರೆ ಮೂರು ದಾರಿಯಿಂದ ಬಂದವರು ಒಂದೇ ಊರು ಸೇರಿದರು ಎಂಬುದೇ ಆ ಮಿಲಿಮೀಟರನ್ನು ನಂಬಲು ಇರುವ ಗಟ್ಟಿ ಆಧಾರ.

ದಾಖಲೆ ಕಡಿಯದಂತೆ ಕಾಯುವ ಕ್ರಮವೂ ಶಿಸ್ತಿನದು. ಹಳೆಯ ಉಪಗ್ರಹ ಬದುಕಿರುವಾಗಲೇ ಹೊಸದನ್ನು ಅದೇ ಹಾದಿಗೆ ಕಳಿಸಿ, ಕೆಲವೇ ಸೆಕೆಂಡುಗಳ ಅಂತರದಲ್ಲಿ ತಿಂಗಳುಗಟ್ಟಲೆ ಜೊತೆಜೊತೆಗೆ ಓಡಿಸುತ್ತಾರೆ. ಎರಡೂ ನೋಡುವುದು ಒಂದೇ ನೀರನ್ನು, ಆದ್ದರಿಂದ ಅಂಕಿಯಲ್ಲಿ ವ್ಯತ್ಯಾಸ ಬಂದರೆ ಅದು ಯಂತ್ರದ್ದು. 2001ರಲ್ಲಿ ಹಾರಿದ ಜೇಸನ್-1, 2008ರ ಜೇಸನ್-2, 2016ರ ಜೇಸನ್-3 ಹೀಗೆಯೇ ರಿಲೇ ಓಟದವರಂತೆ ಕೋಲು ಕೈ ಬದಲಿಸಿದವು. 2020ರ ನವೆಂಬರಿನಲ್ಲಿ ಹಾರಿದ ಸೆಂಟಿನೆಲ್-6 ಮೈಕೆಲ್ ಫ್ರೈಲಿಚ್, ಜೇಸನ್-3ರ ಹಿಂದೆ 30 ಸೆಕೆಂಡಿನ ಅಂತರದಲ್ಲಿ ಓಡಿ ಕೊನೆಗೆ ಅದರ ಜಾಗ ಹಿಡಿಯಿತು. ಅದರ ತಮ್ಮ ಸೆಂಟಿನೆಲ್-6ಬಿ 2025ರ ನವೆಂಬರಿನಲ್ಲಿ ಮೇಲೇರಿದೆ.

ಹೀಗೆ ಅಳೆದ ಸಮುದ್ರ ಮಟ್ಟದ ಜಾಗತಿಕ ಸರಾಸರಿಯನ್ನು ತಂದು ಮಂಗಳೂರಿನ ಬಳಿಯ ಉಳ್ಳಾಲದಲ್ಲಿ ಕಡಲ್ಕೊರೆತಕ್ಕೆ ಮನೆ ಕಳೆದುಕೊಂಡವರ ಮುಂದೆ ಇಟ್ಟರೆ ಪ್ರಯೋಜನ ಕಡಿಮೆ. ಕಡಲ್ಕೊರೆತಕ್ಕೆ ಸಮುದ್ರ ಮಟ್ಟದ ಏರಿಕೆಯೊಂದೇ ಕಾರಣವಲ್ಲ. ಹೊಳೆಗಳಿಂದ ಬರಬೇಕಾದ ಮರಳು ನಿಂತರೆ, ಅಳಿವೆಯಲ್ಲಿ ಕಟ್ಟಿದ ಕಲ್ಲಿನ ತಡೆಗೋಡೆ ಮರಳಿನ ನಡಿಗೆಯನ್ನು ತಿರುಗಿಸಿದರೆ, ನೀರು ಒಂದು ಮಿಲಿಮೀಟರೂ ಏರದೆ ದಡ ಹೋಗುತ್ತದೆ. ಎಲ್ಲವನ್ನೂ ಹವಾಮಾನದ ತಲೆಗೆ ಕಟ್ಟುವುದು ಗುತ್ತಿಗೆದಾರರಿಗೂ ಇಲಾಖೆಗಳಿಗೂ ಅನುಕೂಲವೆಂಬುದನ್ನು ಮರೆಯಬಾರದು. ಎತ್ತರಮಾಪಕಗಳಿಗೂ ದಡದ ಹತ್ತಿರ ಕಣ್ಣು ಮಂಜು. ರೇಡಾರಿನ ಬೆಳಕಿನ ವೃತ್ತಕ್ಕೆ ನೆಲ ನುಗ್ಗಿದ ಕೂಡಲೇ ಪ್ರತಿಧ್ವನಿ ಕಲಸಿಹೋಗುತ್ತದೆ. ಮೇಲಾಗಿ ಅವು ತಮ್ಮ ಹಾದಿಯ ನೇರ ಕೆಳಗಿನ ಒಂದು ಗೆರೆಯನ್ನಷ್ಟೇ ನೋಡುತ್ತವೆ, ಎರಡು ಗೆರೆಗಳ ನಡುವೆ ನೂರಾರು ಕಿಲೋಮೀಟರ್ ಖಾಲಿ.

ಆ ಖಾಲಿ ತುಂಬಲು 2022ರ ಡಿಸೆಂಬರ್ 16ರಂದು ಅಮೆರಿಕ ಮತ್ತು ಫ್ರಾನ್ಸ್ ಸ್ವಾಟ್ ಎಂಬ ಉಪಗ್ರಹವನ್ನು ಹಾರಿಸಿದವು. ಅದಕ್ಕೆ ಹತ್ತು ಮೀಟರ್ ಉದ್ದದ ತೋಳಿನ ಎರಡು ತುದಿಗಳಲ್ಲಿ ಎರಡು ಆಂಟೆನಾ. ಒಂದೇ ಪ್ರತಿಧ್ವನಿ ಎರಡಕ್ಕೂ ಕೂದಲೆಳೆಯ ವ್ಯತ್ಯಾಸದಲ್ಲಿ ತಲುಪುವುದನ್ನು ಅಳೆದು, ಗೆರೆಯ ಬದಲು 120 ಕಿಲೋಮೀಟರ್ ಅಗಲದ ಪಟ್ಟಿಯಲ್ಲಿ ನೀರಿನ ಎತ್ತರ ಹೇಳುತ್ತದೆ. ಸಮುದ್ರವಷ್ಟೇ ಅಲ್ಲ, ನೂರು ಮೀಟರಿಗಿಂತ ಅಗಲವಾದ ನದಿಗಳೂ, ಕೆರೆ ಸರೋವರಗಳೂ ಅದರ ಲೆಕ್ಕಕ್ಕೆ ಬರುತ್ತವೆ. ಅದು ಬಳಸುವ ಆವರ್ತನ 35.75 ಗಿಗಾಹರ್ಟ್ಸ್, ಸರಳ್ ಮೇಲೆ ಕುಳಿತ ಆಲ್ಟಿಕಾ ಮೊದಲು ಪಳಗಿಸಿದ್ದೇ. ಒಂದೇ ಕೊರತೆ ಎಂದರೆ ಈ ವಿಧಾನಕ್ಕೆ ಓರೆನೋಟ ಬೇಕು, ಹಾಗಾಗಿ ಉಪಗ್ರಹದ ನೇರ ಕೆಳಗೆ ಇಪ್ಪತ್ತು ಕಿಲೋಮೀಟರಿನಷ್ಟು ಅಗಲದ ನಡುಪಟ್ಟಿ ಅದಕ್ಕೆ ಕಾಣುವುದಿಲ್ಲ. ಅಲ್ಲಿಗೆ ಜೇಸನ್ ಕಾಲದ ಹಳೇ ಮಾದರಿಯ ಎತ್ತರಮಾಪಕವೊಂದನ್ನೂ ಇಟ್ಟು ಕಳಿಸಿದ್ದಾರೆ.